ಗಿಣಿಗೆ ಕೀಲಿ ಕೊಡುವ ಊರು

ನಮ್ಮದು ಮರ್ಯಾದಸ್ಥರ ಮನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಕೇಳಿ ಕೆಲವರು ನನ್ನನ್ನು ಊರು ಕೆಡಿಸಿದವಳು ಎಂದುಕೊಳ್ಳಬಹುದು. ಬಯಲಿನ ಮೊದಲ ಪಾದಗಲ್ಲು ನಮ್ಮದು. ಅದನ್ನು ಹಾಕಿಸಿದವರು ನನ್ನ ಮುತ್ತಜ್ಜ. ಊರಿಗೆ ಹಿತ್ತಾಳೆ ಗಿಣಿಗಳು ಬಂದಾಗ ಉಳಿದವರು ಬಾಗಿಲು ಹಾಕಿಕೊಂಡು ಕಿಟಕಿಯ ಸಂದಿಯಲ್ಲಿ ಇಣುಕುತ್ತಿದ್ದರೆ, ಬಯಲಿಗೆ ಹೋಗಿ ಮೊದಲು ಹೆಗಲು ಕೊಟ್ಟವರೂ ಅವರೇ. ನನ್ನ ತಂದೆ ಬಯಲಿಗೆ ಒಂದು ದಿನವೂ ತಡವಾಗಿ ಹೋದವರಲ್ಲ. ನನ್ನ ತಾಯಿ ನಡೆಯುವಾಗ ಅವರ ಹೆಗಲ ಮೇಲಿನ ಗಿಣಿಯ ಬಾಲ ಕೂಡ ಅಲುಗುತ್ತಿರಲಿಲ್ಲ ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಯಾರೂ ನಿಂತುಕೊಂಡು ಉಂಡವರಲ್ಲ, ಓಡಿಕೊಂಡು ಬೀದಿ ದಾಟಿದವರಲ್ಲ, ಅಂಗಳದಲ್ಲಿ ನಿಂತು ಪಕ್ಕದ ಅಂಗಳದವರನ್ನು ಕೂಗಿ ಕರೆದವರಲ್ಲ.

ನನ್ನನ್ನು ಗುಡ್ಡದ ಮೇಲಿನ ಕಾನ್ವೆಂಟಿನಲ್ಲಿ ಓದಿಸಿದರು. ಅಲ್ಲಿ ಗಿಣಿಗಳನ್ನು ಗೇಟಿನ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಒಳಗೆ ಹೋಗಬೇಕಿತ್ತು. ಮದರ್ ನಮಗೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದರು, ಕರವಸ್ತ್ರವನ್ನು ಅಂಚಿಗೆ ಅಂಚು ಕೂಡಿಸಿ ಮಡಚುವುದನ್ನು ಕಲಿಸಿದರು, ಕೇಳಿದವರ ಮುಖ ನೋಡಿ ಉತ್ತರ ಹೇಳುವುದನ್ನು ಕಲಿಸಿದರು. ಕಲಿತದ್ದನ್ನು ನಾನು ಮರೆತಿಲ್ಲ. ಊರಿಗೆ ಮರಳಿದ ಮೇಲೆ ಮೂರನೆಯದು ಎಲ್ಲೂ ಉಪಯೋಗಕ್ಕೆ ಬರಲಿಲ್ಲ, ಅಷ್ಟೇ.

ಏಕೆಂದರೆ ನಮ್ಮ ಊರಿನ ನಿಯಮ ಒಂದೇ. ಪ್ರತಿಯೊಬ್ಬರ ಎಡ ಹೆಗಲ ಮೇಲೂ ಒಂದು ಹಿತ್ತಾಳೆ ಗಿಣಿ ಇರಬೇಕು, ಅದು ಹೇಳಿದಂತೆ ನಡೆಯಬೇಕು. ಬೆಳಗಾಯಿತೇ, ಗಿಣಿ ಹೇಳುತ್ತದೆ. ಹಸಿವಾಯಿತೇ, ಗಿಣಿ ಹೇಳುತ್ತದೆ. ಮಾವು ಹಣ್ಣಾಯಿತೇ, ಮಳೆ ಬರುತ್ತದೆಯೇ, ಎದುರಿಗೆ ಬರುತ್ತಿರುವವರನ್ನು ಕಂಡರೆ ನಮಗೆ ಸಂತೋಷವೇ, ಗಿಣಿ ಹೇಳುತ್ತದೆ. ಇಬ್ಬರು ಬೀದಿಯಲ್ಲಿ ಸಿಕ್ಕಿದರೆ ಒಬ್ಬರ ಗಿಣಿ ಕೇಳುತ್ತದೆ, ಇನ್ನೊಬ್ಬರ ಗಿಣಿ ಉತ್ತರಿಸುತ್ತದೆ, ಮನುಷ್ಯರು ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಗಿಣಿಗೆ ದಿನವೂ ಕೀಲಿ ಕೊಡಬೇಕು. ಕೀಲಿಯ ಕಿಂಡಿ ಅದರ ಬೆನ್ನಿನಲ್ಲಿದೆ. ನಮ್ಮ ಕೈ ನಮ್ಮ ಗಿಣಿಯ ಬೆನ್ನಿಗೆ ಎಟುಕುವುದಿಲ್ಲ. ಕೆಳಗಿಳಿಸಿ ಕೊಡಬಹುದಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಿದ್ದರೆ ಅದನ್ನೂ ಗಿಣಿಯೇ ಹೇಳಬೇಕಿತ್ತು. ಆದ್ದರಿಂದ ಬೆಳಗಾಗುತ್ತಲೇ ಊರೆಲ್ಲ ಬಯಲಿಗೆ ಬರುತ್ತದೆ. ಬಯಲಿನಲ್ಲಿ ದುಂಡಗೆ ಪಾದಗಲ್ಲುಗಳಿವೆ. ತಮ್ಮ ತಮ್ಮ ಕಲ್ಲಿನ ಮೇಲೆ, ಮುಂದಿನವರ ಬೆನ್ನಿಗೆ ಮುಖಮಾಡಿ ನಿಲ್ಲುತ್ತಾರೆ. ಎಲ್ಲರೂ ಬಲಗೈ ಎತ್ತುತ್ತಾರೆ. ಕಿರ್ರ್, ಕಿರ್ರ್, ಕಿರ್ರ್. ಇದಕ್ಕೆ ನಾವು ಊರಬಳೆ ಎನ್ನುತ್ತೇವೆ. ಒಬ್ಬರ ಕಲ್ಲಿನ ಮೇಲೆ ಇನ್ನೊಬ್ಬರು ಕಾಲಿಡುವಂತಿಲ್ಲ. ಬಳೆಯ ಹೊರಗೆ ಯಾರೂ ಯಾರಿಗೂ ಕೀಲಿ ಕೊಡುವಂತಿಲ್ಲ.

ನಾನು ಪಕ್ಕದ ಮನೆಯಾಕೆಯ ಗಿಣಿಗೆ ಕೀಲಿ ಕೊಡುತ್ತಿದ್ದೆ. ಅವಳು ದರ್ಜಿಯ ಗಿಣಿಗೆ, ದರ್ಜಿ ಮೇಷ್ಟರ ಗಿಣಿಗೆ, ಮೇಷ್ಟರು ಅವರ ಮುಂದಿನವರ ಗಿಣಿಗೆ. ಹೀಗೆ ಊರೆಲ್ಲ ಸುತ್ತಿ ಬಂದು, ಕೊನೆಯಲ್ಲಿ ಊರ ಹಿರಿಯರು ನಮ್ಮ ಯಜಮಾನರ ಗಿಣಿಗೆ, ಯಜಮಾನರು ನನ್ನ ಗಿಣಿಗೆ. ಯಜಮಾನರು ನಮ್ಮ ಮನೆಗೆ ಮನೆ ಅಳಿಯನಾಗಿ ಬಂದವರು. ಅವರಿಗೆಂದು ನನ್ನ ತಂದೆ ನನ್ನ ಕಲ್ಲಿನ ಹಿಂದೆಯೇ ಹೊಸ ಕಲ್ಲು ಹಾಕಿಸಿದ್ದರು. ಊರಬಳೆ ನಮ್ಮ ಮನೆಯಿಂದ ಶುರುವಾಗಿ ನಮ್ಮ ಮನೆಯಲ್ಲೇ ಮುಗಿಯುತ್ತಿತ್ತು. ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವ ಮನೆಗೂ ಇರಲಿಲ್ಲ.

ಎಲ್ಲವೂ ಸರಿಯಾಗಿತ್ತು. ಒಂದು ದಿನ ಸಾರಿಗೆ ಉಪ್ಪು ಬೀಳಲಿಲ್ಲ.

ಗಿಣಿ "ಉಪ್ಪು ಹಾಕಿ ಆಯಿತು" ಎಂದಿತ್ತು, ನಾನು ನಂಬಿದೆ. ಬಡಿಸುವಾಗ ಒಂದು ಹನಿ ಬೆರಳಿಗೆ ಬಿತ್ತು. ಉರಿ ತಾಳದೆ ಬೆರಳನ್ನು ಬಾಯಲ್ಲಿಟ್ಟುಕೊಂಡೆ. ಉಪ್ಪೇ ಇಲ್ಲ. ಅಷ್ಟರಲ್ಲಿ ಯಜಮಾನರು ಒಂದು ತುತ್ತು ಉಂಡಾಗಿತ್ತು.

"ಸಾರು ಹೇಗಿದೆ?" ಎಂದು ಗಿಣಿಯನ್ನು ಕಾಯದೆ ನಾನೇ ಕೇಳಿದೆ.

"ಸಾರು ಚೆನ್ನಾಗಿದೆ," ಎಂದಿತು ಅವರ ಹೆಗಲ ಮೇಲಿನ ಗಿಣಿ. ಯಜಮಾನರು ತಲೆಯಾಡಿಸಿದರು.

ಮರುದಿನ ಬೇಕೆಂದೇ ಎರಡು ಹಿಡಿ ಉಪ್ಪು ಸುರಿದೆ. ಯಜಮಾನರ ಕಣ್ಣಲ್ಲಿ ನೀರು ಬಂತು. "ಸಾರು ಚೆನ್ನಾಗಿದೆ," ಎಂದಿತು ಗಿಣಿ. ಅದರ ಮರುದಿನ ಸಾರಿನ ಬದಲು ಬಿಸಿನೀರು ಬಡಿಸಿದೆ. ಚೆನ್ನಾಗಿತ್ತು. ಅದರ ಮರುದಿನ ತಟ್ಟೆಯಲ್ಲಿ ಏನನ್ನೂ ಬಡಿಸಲಿಲ್ಲ. ತೊಳೆದು ಒರೆಸಿದ ತಟ್ಟೆಯನ್ನು ಅವರ ಮುಂದಿಟ್ಟು ಎದುರಿಗೆ ಕೂತೆ. ಯಜಮಾನರು ಖಾಲಿ ತಟ್ಟೆಯಲ್ಲಿ ಕೈಯಾಡಿಸಿದರು. ಇಲ್ಲದ ಅನ್ನವನ್ನು ಇಲ್ಲದ ಸಾರಿನಲ್ಲಿ ಕಲಸಿದರು. ತುತ್ತು ಕಟ್ಟಿದರು. ಬಾಯಿಗಿಟ್ಟರು. ಅಗಿದರು. "ಸಾರು ಚೆನ್ನಾಗಿದೆ. ಹೊಟ್ಟೆ ತುಂಬಿತು," ಎಂದಿತು ಗಿಣಿ. ಅವರು ಎದ್ದು ಕೈ ತೊಳೆದುಕೊಂಡರು.

ಅವರನ್ನು ಕರೆದು ಕೂರಿಸಿ ಹೊಟ್ಟೆ ತುಂಬ ಬಡಿಸಿದೆ, ಅದು ಬೇರೆ ಮಾತು. ಆದರೆ ಬಡಿಸುತ್ತಲೇ ಲೆಕ್ಕ ಹಾಕಿದೆ. ಮದುವೆಯಾದ ದಿನದಿಂದ ನನ್ನ ಅಡುಗೆಯನ್ನು ಹೊಗಳುತ್ತ ಬಂದದ್ದು ಒಂದು ಹಿತ್ತಾಳೆಯ ತುಂಡು. ನನ್ನನ್ನು ಕಂಡರೆ ಸಂತೋಷ ಎಂದದ್ದೂ ಅದೇ. ಈ ಮನುಷ್ಯನಿಗೆ ನನ್ನ ವಿಷಯದಲ್ಲಿ ಏನನ್ನಿಸುತ್ತದೆ ಎಂಬುದು ನನಗೆ ಒಂದು ದಿನವೂ ಗೊತ್ತಾಗಿರಲಿಲ್ಲ.

"ರೀ," ಎಂದೆ. "ಗಿಣಿ ಬೇಡ. ನೀವು ಹೇಳಿ."

ಯಜಮಾನರು ಬಾಯಿ ತೆರೆದರು. ಒಳಗಿನಿಂದ ಏನೂ ಬರಲಿಲ್ಲ. ಬಾಯಿ ತೆರೆದುಕೊಂಡೇ ಗಿಣಿಯ ಕಡೆ ನೋಡಿದರು. "ಎಲ್ಲವೂ ಚೆನ್ನಾಗಿದೆ," ಎಂದಿತು ಗಿಣಿ.

ಅವರ ಸ್ವಂತ ಬಾಯಿಂದ ಒಂದು ಮಾತು ಕೇಳಿಯೇ ತೀರುತ್ತೇನೆ ಎಂದು ನಾನು ಆ ಹೊತ್ತಿನಲ್ಲಿ ನಿರ್ಧರಿಸಿದೆ. ಒಳ್ಳೆಯ ಮಾತೇ ಆಗಬೇಕೆಂದಿಲ್ಲ. ಒಂದು ಮಾತು.

ಅವರ ಗಿಣಿಯನ್ನು ಮುಟ್ಟುವ ಹಕ್ಕು ನನಗಿಲ್ಲ, ಇನ್ನೊಬ್ಬರ ಹೆಗಲಿಗೆ ಕೈ ಹಾಕುವುದು ನಮ್ಮ ಮನೆಯ ನಡತೆಯೂ ಅಲ್ಲ. ನನ್ನದನ್ನು ಇಳಿಸುವ ಹಕ್ಕು ನನಗಿತ್ತು. ಇಳಿಸಿದೆ. ಉಪ್ಪಿನಕಾಯಿ ಜಾಡಿಯ ಪಕ್ಕ ಕೂರಿಸಿ ಕರವಸ್ತ್ರ ಹೊದಿಸಿದೆ. ಬಟ್ಟೆಯ ಒಳಗಿನಿಂದ ಅದು "ನಿಮಗೆ ತಲೆ ಸುತ್ತುತ್ತಿದೆ" ಎಂದಿತು. ನಾನು ಕಣ್ಣು ಮುಚ್ಚಿ ಪರೀಕ್ಷಿಸಿದೆ. ನಿಜ, ತಲೆ ಸುತ್ತುತ್ತಿತ್ತು. ಆದರೆ ಅದು ಹಾಯಾಗಿತ್ತು. ಹಾಯಾಗಿದೆ ಎಂಬುದನ್ನು ಗಿಣಿ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಬಯಲಿಗೆ ಹೋಗಲಿಲ್ಲ. ನಮ್ಮ ಜಗಲಿಯಿಂದ ಬಯಲು ಪೂರ್ತಿ ಕಾಣುತ್ತದೆ. ಬೆನ್ನು ನೆಟ್ಟಗಿಟ್ಟುಕೊಂಡು ಕೂತೆ. ಆಕಾಶ ನೋಡಿ ಮಳೆ ಬರುವುದಿಲ್ಲ ಎಂದುಕೊಂಡೆ. ಕಾಫಿ ಕುಡಿದು ಸಕ್ಕರೆ ಹೆಚ್ಚಾಯಿತು ಎಂದುಕೊಂಡೆ. ಎರಡೂ ಸಂಗತಿಗಳನ್ನು ನಾನೇ ಕಂಡುಹಿಡಿದಿದ್ದೆ. ಎದ್ದು ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ.

ಬಯಲಿನಲ್ಲಿ ಊರಬಳೆ ಕೂಡಿತು. ನನ್ನ ಕಲ್ಲು ಖಾಲಿ. ಎಲ್ಲರೂ ಬಲಗೈ ಎತ್ತಿದರು. ಪಕ್ಕದ ಮನೆಯಾಕೆ ಎಡ ಹೆಗಲನ್ನು ಹಿಂದಕ್ಕೆ ಚಾಚಿ ಚಾಚಿ ಕಾದಳು. ಅವಳ ಹಿಂದೆ ಯಾರೂ ಇರಲಿಲ್ಲ. ನನ್ನ ಕಲ್ಲಿನ ಹಿಂದೆ ಯಜಮಾನರು ಕೈ ಎತ್ತಿ, ನನ್ನ ಗಿಣಿ ಇರುತ್ತಿದ್ದ ಜಾಗದಲ್ಲಿ, ಗಾಳಿಗೆ ಕೀಲಿ ಕೊಡುತ್ತಿದ್ದರು. ಕಿರ್ರ್ ಎಂಬ ಸದ್ದಿಲ್ಲ. ಬೆರಳು ಮಾತ್ರ ತಿರುಗುತ್ತಿತ್ತು.

ಮಧ್ಯಾಹ್ನ ಪಕ್ಕದ ಮನೆಯಾಕೆ ಓಡಿಕೊಂಡು ಬಂದಳು. ಓಡಿಕೊಂಡು ಬರುವುದು ತಪ್ಪು ಎಂದು ಹೇಳುವಷ್ಟರಲ್ಲಿ ಜಗಲಿಯ ಮೇಲೆ ಕೂತಾಗಿತ್ತು.

"ದೊಡ್ಡಮನೆಯಮ್ಮಾ, ಗಿಣಿ ನಿಂತೋಯ್ತು! ಹಪ್ಪಳ ಅಂತು, ಅಷ್ಟೇ, ನಿಂತೋಯ್ತು. ಹಪ್ಪಳ ಒಣಗಿಸ್ಲಾ, ಎತ್ತಿಡ್ಲಾ, ಕರೀಲಾ?"

"ನಿಮಗೆ ಏನು ಅನ್ನಿಸುತ್ತದೆ?" ಎಂದು ಕೇಳಿದೆ.

"ನನಗಾ?" ಅವಳು ಹಿಂದೆ ತಿರುಗಿ ನೋಡಿದಳು, ಇನ್ಯಾರನ್ನೋ ಕೇಳಿದೆನೇನೋ ಎಂಬಂತೆ. "ನನಗೂ ಅನ್ಸುತ್ತಾ?"

"ಕೂತು ನೋಡಿ."

ಅವಳು ಕೂತು ನೋಡಿದಳು. ಹುಬ್ಬು ಗಂಟಿಕ್ಕಿತು. ಮೂಗು ಅರಳಿತು. ಆಮೇಲೆ ಅವಳ ಹೊಟ್ಟೆಯೊಳಗಿಂದ ಬಿಕ್ಕಳಿಕೆಯಂಥ ಒಂದು ನಗು ಎದ್ದು ಬಂತು. "ಕರೀಬೇಕು ಅನ್ಸುತ್ತೆ. ಅಯ್ಯೋ ದೊಡ್ಡಮನೆಯಮ್ಮಾ, ಎಲ್ಲಾನೂ ಕರೀಬೇಕು ಅನ್ಸುತ್ತೆ! ವರ್ಷಕ್ಕೆ ಅಂತ ಇಟ್ಟಿದ್ದನ್ನೆಲ್ಲಾ!"

ಕರಿದಳು. ಸಂಜೆಯವರೆಗೂ ಕರಿದಳು. ಬೀದಿಯ ಉದ್ದಕ್ಕೂ ಹಪ್ಪಳದ ವಾಸನೆ ಹಬ್ಬಿತು. ಹೋಗುವವರು ಬರುವವರು ನಿಂತು ಮೂಗೆಳೆದುಕೊಂಡರು. ಅವರ ಗಿಣಿಗಳು "ಹಸಿವಿಲ್ಲ, ಹಸಿವಿಲ್ಲ" ಎಂದವು. ಬಾಯಲ್ಲಿ ನೀರೂರಿಸಿಕೊಂಡೇ ಅವರು ಮುಂದೆ ಹೋದರು.

ಅಂದೇ ಸಂಜೆ ಊರ ಹಿರಿಯರು ನಮ್ಮ ಮನೆಗೆ ಬಂದರು. ಅವರ ಜೊತೆ ದರ್ಜಿ ಮತ್ತು ಮೇಷ್ಟರು. ಜಮಖಾನೆ ಹಾಸಿ ಕೂರಿಸಿದೆ. ಯಜಮಾನರು ಕಂಬಕ್ಕೊರಗಿ ನಿಂತರು. ಮೊದಲು ಹಿರಿಯರ ಗಿಣಿ ಮಾತಾಡಿತು.

"ದೊಡ್ಡಮನೆಯವರ ಆರೋಗ್ಯ ವಿಚಾರಿಸಲು ಬಂದಿದ್ದೇವೆ."

"ಆರೋಗ್ಯ ಕೆಟ್ಟಿದೆ ಎಂದು ಕೇಳಿ ಬೇಸರವಾಯಿತು," ಎಂದಿತು ದರ್ಜಿಯ ಗಿಣಿ.

"ಬೇಸರವಾಗುವುದು ಸಹಜ," ಎಂದಿತು ಮೇಷ್ಟರ ಗಿಣಿ.

"ನನ್ನ ಆರೋಗ್ಯ ಚೆನ್ನಾಗಿದೆ," ಎಂದೆ. ಮೂವರೂ ನನ್ನ ಎಡ ಹೆಗಲನ್ನು ನೋಡಿದರು. ಅಲ್ಲಿ ಸೀರೆಯ ಸೆರಗು ಬಿಟ್ಟು ಏನೂ ಇರಲಿಲ್ಲ. ದರ್ಜಿ ಬೆವರು ಒರೆಸಿಕೊಂಡ. ಬಾಯಿ ಅಲುಗುವುದನ್ನು ನೋಡುತ್ತ ಮಾತು ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ನಾಳೆ ನೀವು ನಿಮ್ಮ ಕಲ್ಲಿಗೆ ಬರತಕ್ಕದ್ದು," ಎಂದಿತು ಹಿರಿಯರ ಗಿಣಿ.

"ಬರುವುದಿಲ್ಲ."

"ಹಾಗಾದರೆ ಆ ಕಲ್ಲನ್ನು ಅಗೆದು ತೆಗೆಯತಕ್ಕದ್ದು."

"ಅಗೆಯಿರಿ."

ಹಿರಿಯರ ಗಿಣಿ ಸ್ವಲ್ಪ ಹೊತ್ತು ಟಿಕ್ ಟಿಕ್ ಎಂದಿತು. "ದೊಡ್ಡಮನೆಯ ಕಲ್ಲನ್ನು ಯಾರೂ ಮುಟ್ಟತಕ್ಕದ್ದಲ್ಲ," ಎಂದಿತು ಆಮೇಲೆ.

"ಹಾಗಾದರೆ ಬೇರೆಯವರು ಅದರ ಮೇಲೆ ನಿಲ್ಲತಕ್ಕದ್ದು," ಎಂದಿತು ಮೇಷ್ಟರ ಗಿಣಿ.

"ದೊಡ್ಡಮನೆಯ ಕಲ್ಲಿನ ಮೇಲೆ ಬೇರೆಯವರು ನಿಲ್ಲತಕ್ಕದ್ದಲ್ಲ," ಎಂದಿತು ದರ್ಜಿಯ ಗಿಣಿ.

ನಾನು ಕಾಫಿ ತಂದುಕೊಟ್ಟೆ. ಮೂರೂ ಗಿಣಿಗಳು ಕಾಫಿ ಚೆನ್ನಾಗಿದೆ ಎಂದವು. ನಮ್ಮ ಮನೆಯ ಮರ್ಯಾದೆಯನ್ನು ಮೀರಿ ಮುಂದೆ ಹೋಗಲು ಅವುಗಳಿಗೆ ದಾರಿಯೇ ಸಿಗಲಿಲ್ಲ. ಇದು ನನಗೆ ಹೆಮ್ಮೆಯ ವಿಷಯವಾಗಿತ್ತು, ಈಗಲೂ ಹೌದು.

ಏಳುವಾಗ ಮಾತ್ರ ಹಿರಿಯರ ಗಿಣಿ ಇನ್ನೊಂದು ಮಾತು ಹೇಳಿತು. "ಗಿಣಿಯಿಲ್ಲದವರ ಮನೆಯಲ್ಲಿ ಗಿಣಿಯುಳ್ಳವರು ಇರತಕ್ಕದ್ದಲ್ಲ."

ಕಂಬದ ಹತ್ತಿರದಿಂದ ಯಜಮಾನರ ಗಿಣಿ ಉತ್ತರಿಸಿತು. "ನಾನು ಈ ಮನೆಯಲ್ಲಿ ಇರಲಾರೆ. ಹೊರಡುತ್ತೇನೆ."

ಯಜಮಾನರು ಒಳಗೆ ಹೋಗಿ ಕೊಡೆ ತೆಗೆದುಕೊಂಡು ಬಂದರು. ಮೆಟ್ಟಿಲಿಳಿದರು. ನಾನು ಮುಖ ನೋಡಿದೆ. ಹೊರಡುತ್ತಿರುವವನು ಮನುಷ್ಯನೋ ಗಿಣಿಯೋ ಎಂದು ತಿಳಿಯಲು ಆ ಮುಖದಲ್ಲಿ ಏನೂ ಇರಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಒಮ್ಮೆ ತಡವರಿಸಿದರು. ಅದು ಚಪ್ಪಲಿಯ ಬಾರಿನ ದೋಷವೂ ಇರಬಹುದು. ಹಿರಿಯರ ಹಿಂದೆ ನಡೆದು ಹೋದರು, ಬಳೆಯಲ್ಲಿ ಮುಂದೆ ನಿಲ್ಲುವವರು ಬೀದಿಯಲ್ಲಿ ಹಿಂದೆ.

ತಡೆಯಬಹುದಿತ್ತಲ್ಲ ಎಂದು ಪಕ್ಕದ ಮನೆಯಾಕೆ ಕೇಳಿದಳು. ಯಾರನ್ನು ತಡೆಯಲಿ? ಅವರು ಹೋಗುತ್ತೇನೆ ಎಂದಿರಲಿಲ್ಲ. ಇರುತ್ತೇನೆ ಎಂದೂ ಹೇಳಿರಲಿಲ್ಲ. ಅವರ ಗಿಣಿ ನಿಲ್ಲುವವರೆಗೂ ನನಗೆ ಉತ್ತರ ಸಿಗುವಂತಿರಲಿಲ್ಲ. ಅದು ನಿಲ್ಲಬೇಕಾದರೆ ಮೌನ ಊರೆಲ್ಲ ಸುತ್ತಿ ಬರಬೇಕು. ನನ್ನ ಬೆನ್ನಿಗೇ ನಿಲ್ಲುತ್ತಿದ್ದ ಮನುಷ್ಯ ಬಳೆಯಲ್ಲಿ ನನ್ನಿಂದ ಎಲ್ಲರಿಗಿಂತ ದೂರದಲ್ಲಿದ್ದರು. ಇದು ಆ ದಿನವೇ ನನ್ನ ಲೆಕ್ಕಕ್ಕೆ ಬಂದದ್ದು.

ನಾನು ಜಗಲಿಯಲ್ಲಿ ಕೂತು ಕಾದೆ.

ಮರುದಿನ ಬೆಳಗ್ಗೆ ಪಕ್ಕದ ಮನೆಯಾಕೆಯ ಕಲ್ಲೂ ಖಾಲಿ. ಅವಳಿಗೆ ಎಚ್ಚರವಾಗಿತ್ತಂತೆ, ಬೆಳಕೂ ಕಂಡಿತಂತೆ, ಆದರೆ ಅದು ಬೆಳಗೇ ಎಂದು ಹೇಳುವವರಿಲ್ಲದೆ ಮಗ್ಗುಲು ಬದಲಿಸಿ ಮಲಗಿದಳಂತೆ. ಅಷ್ಟು ಸೊಗಸಾದ ನಿದ್ದೆ ಹುಟ್ಟಿದ ಮೇಲೆ ಮಾಡಿಲ್ಲ ಎಂದು ಮೂರು ಬೀದಿಗೆ ಕೇಳುವಂತೆ ಹೇಳಿದಳು. ಹಾಗಾಗಿ ದರ್ಜಿಯ ಗಿಣಿಗೆ ಕೀಲಿ ಬೀಳಲಿಲ್ಲ.

ಗಿಣಿ ನಿಂತಾಗ ದರ್ಜಿ ಒಂದು ರವಿಕೆ ಕತ್ತರಿಸುತ್ತಿದ್ದ. ಅಳತೆ ಹೇಳುವವರಿಲ್ಲ. ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತು. ಆಮೇಲೆ ಅವನು ಎದುರಿಗೆ ನಿಂತಿದ್ದ ಹೆಂಗಸನ್ನು ಮೊದಲ ಸಲ ಕಣ್ಣೆತ್ತಿ ನೋಡಿದನಂತೆ. "ನಿಮ್ಮ ಒಂದು ತೋಳು ದಪ್ಪ, ಒಂದು ತೋಳು ಸಣ್ಣ!" ಎಂದು ಕೂಗಿದನಂತೆ. "ಇಷ್ಟು ವರ್ಷ ನನ್ನ ಹತ್ರಾನೇ ಹೊಲಿಸ್ತಿದ್ದೀರಿ, ಯಾಕೆ ಹೇಳ್ಲಿಲ್ಲ?" ಆಕೆ ತನ್ನ ತೋಳು ತಾನೇ ನೋಡಿಕೊಂಡು "ನನಗೂ ಈಗಲೇ ಗೊತ್ತಾಗಿದ್ದು" ಎಂದಳಂತೆ. ಇಬ್ಬರೂ ನಕ್ಕು ನಕ್ಕು ಬಟ್ಟೆಯ ರಾಶಿಯ ಮೇಲೆ ಬಿದ್ದರಂತೆ. ಹೀಗೆ ಬೀಳುವುದು ಸಭ್ಯವಲ್ಲ. ಆದರೆ ಆ ರವಿಕೆ ಆಕೆಗೆ ಹೇಳಿ ಮಾಡಿಸಿದಂತೆ ಕೂತಿತು, ನಾನೇ ನೋಡಿದೆ.

ಆಮೇಲಿನದು ಮೇಷ್ಟರ ಸರದಿ. ಅವರ ಗಿಣಿ ಪಾಠದ ನಡುವೆ ನಿಂತಿತು. ಉತ್ತರ ಸರಿಯೋ ತಪ್ಪೋ ಎಂದು ಮಕ್ಕಳು ಅವರ ಹೆಗಲನ್ನೇ ನೋಡುತ್ತ ಕಾದರು. ಮೇಷ್ಟರು ಹಲಗೆಯನ್ನು ನೋಡಿದರು, ಕಿಟಕಿಯನ್ನು ನೋಡಿದರು, "ತಡೀರಪ್ಪಾ, ನನಗೂ ಗೊತ್ತಿಲ್ಲ, ಬನ್ನಿ ಎಣಿಸಿ ನೋಡೋಣ" ಎಂದು ಎಲ್ಲರನ್ನೂ ಹುಣಸೆಮರದಡಿಗೆ ಕರೆದುಕೊಂಡು ಹೋದರು. ಎಣಿಸಲು ಆಯ್ದ ಹುಣಸೆಹಣ್ಣನ್ನು ಮಕ್ಕಳು ತಿಂದುಬಿಟ್ಟರು. ಲೆಕ್ಕ ಮತ್ತೆ ಮತ್ತೆ ತಪ್ಪಿತು. ಸಂಜೆಯಾದರೂ ಶಾಲೆ ಬಿಡಲಿಲ್ಲ, ಯಾರೂ ಬಿಡಿ ಎಂದು ಕೇಳಲೂ ಇಲ್ಲ.

ಹೀಗೆ ಮೌನ ಸುತ್ತತೊಡಗಿತು. ದಿನಕ್ಕೊಂದು ಗಿಣಿ ನಿಲ್ಲುತ್ತಿತ್ತು, ಮರುದಿನ ಒಂದು ಕಲ್ಲು ಖಾಲಿಯಾಗುತ್ತಿತ್ತು. ಬೆಳಗ್ಗೆ ಬಯಲಿನಲ್ಲಿ ಕಿರ್ರ್ ಎಂಬ ಸದ್ದು ತೆಳುವಾಗುತ್ತ ಬಂತು, ಬೀದಿಯಲ್ಲಿ ಗದ್ದಲ ದಪ್ಪವಾಗುತ್ತ ಬಂತು. ಜನ ನೀರಿನಲ್ಲಿ ಬೆರಳದ್ದಿ "ತಣ್ಣಗಿದೆ!" ಎಂದು ಕಿರುಚುತ್ತಿದ್ದರು. ಮಾವನ್ನು ಮೂಸಿ ನೋಡುತ್ತಿದ್ದರು, ಒತ್ತಿ ನೋಡುತ್ತಿದ್ದರು, ಕಾಯಿ ಕಚ್ಚಿ ಮುಖ ಹಿಂಡುತ್ತಿದ್ದರು, ಮತ್ತೆ ಕಚ್ಚುತ್ತಿದ್ದರು. ಜೀವಮಾನವೆಲ್ಲ ಗೆಳೆಯರಾಗಿದ್ದ ಇಬ್ಬರು ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ ಎಂದು ಕಂಡುಕೊಂಡು, ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಹಗುರಾಗಿ, ಕೈಕೈ ಹಿಡಿದು ಚಹಾ ಕುಡಿಯಲು ಹೋದರು. ಎಲ್ಲರಿಗೂ ತಲೆ ಸುತ್ತುತ್ತಿತ್ತು. ಗೋಡೆ ಹಿಡಿದು ನಡೆಯುತ್ತಿದ್ದರು. ಎಡ ಹೆಗಲು ಹಗುರಾದವರೆಲ್ಲ ಬಲಕ್ಕೆ ವಾಲಿ, ಬೀದಿಯ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. "ಬಿದ್ದೆ ಅನ್ಸುತ್ತೆ!" "ನನಗೂ ಹಾಗೇ ಅನ್ಸುತ್ತೆ!" ಎಂದು ನಗುತ್ತಿದ್ದರು.

ಎಲ್ಲರೂ ಹೀಗಿರಲಿಲ್ಲ. ಕೆಲವರು ನಮ್ಮ ಜಗಲಿಗೆ ಬಂದರು.

"ದೊಡ್ಡಮನೆಯಮ್ಮಾ, ನನಗೆ ನಿದ್ದೆ ಬಂದಿದೆಯಾ?"

ಮೊದಮೊದಲು "ಕೂತು ನೋಡಿ" ಎಂದೆ. ಅವರು ಕೂತರು. ನೋಡಿದರು. ಏನೂ ಕಾಣದೆ ಕಣ್ಣೀರು ಹಾಕಿದರು. ಕಣ್ಣ ಕೆಳಗೆ ಕಪ್ಪುಗಟ್ಟಿದೆ, ಮೂರು ಸಲ ಆಕಳಿಸಿದ್ದಾರೆ, ಇನ್ನೇನು ಬೇಕು? "ನಿದ್ದೆ ಬಂದಿದೆ, ಹೋಗಿ ಮಲಗಿ," ಎಂದೆ. ಅವರ ಮುಖ ಅರಳಿತು. ಮರುದಿನ ಇನ್ನಷ್ಟು ಜನ ಬಂದರು. "ಅಮ್ಮಾ, ನನಗೆ ಕೋಪ ಬಂದಿದೆಯಾ?" "ಬಂದಿದೆ." "ಅಮ್ಮಾ, ಈ ಬಣ್ಣ ನನಗೆ ಇಷ್ಟಾನಾ?" "ಇಲ್ಲ." "ಅಮ್ಮಾ, ಮಗಳನ್ನ ನೋಡ್ಬೇಕು ಅಂತ ನನಗೆ ಆಸೆ ಇದೆಯಾ?" "ಇದೆ. ಇವತ್ತೇ ಹೊರಡಿ." ನನ್ನ ಉತ್ತರಗಳು ಸರಿಯಾಗಿಯೇ ಇರುತ್ತಿದ್ದವು. ಮುಖ ನೋಡಿ ಹೇಳುವುದನ್ನು ನಾನು ಕಲಿತವಳು. ಅವರು ತಮ್ಮ ತಮ್ಮ ಕಲ್ಲುಗಳ ಕ್ರಮದಲ್ಲೇ ಸಾಲು ನಿಲ್ಲುತ್ತಿದ್ದರು, ಶಿಸ್ತು ನನಗೆ ಹಿಡಿಸಿತು. ಕಾಫಿ ಕುಡಿಯಲೂ ಬಿಡುವಿಲ್ಲದಂತಾಯಿತು. ಸಾಲು ಬೇಗ ಸಾಗಲಿ ಎಂದು, ಅವರು ಕೇಳುವ ಮೊದಲೇ ಹೇಳಿಬಿಡುತ್ತಿದ್ದೆ.

ಪಕ್ಕದ ಮನೆಯಾಕೆ ಹಪ್ಪಳ ಕಡಿಯುತ್ತ ತನ್ನ ಅಂಗಳದಿಂದಲೇ ಕೂಗಿದಳು. "ದೊಡ್ಡಮನೆಯಮ್ಮಾ, ನಿಮಗೆ ಬಾಲ ಒಂದು ಕಮ್ಮಿ!"

ಅಂಗಳದಿಂದ ಕೂಗಿದ ಮಾತನ್ನು ನಾನು ಕೇಳಿಸಿಕೊಳ್ಳುವುದಿಲ್ಲ.

ಕೊನೆಗೆ ಬಯಲಿನಲ್ಲಿ ಇಬ್ಬರೇ ಉಳಿದರು. ಹಿರಿಯರ ಹಿಂದಿನ ಕಲ್ಲು ಖಾಲಿ. ಹಿರಿಯರು ಯಜಮಾನರ ಗಿಣಿಗೆ ಕೀಲಿ ಕೊಟ್ಟರು, ಕಿರ್ರ್. ಯಜಮಾನರು ಗಾಳಿಗೆ ಕೀಲಿ ಕೊಟ್ಟರು. ಅಷ್ಟು ದೊಡ್ಡ ಬಯಲಿನಲ್ಲಿ ಇಬ್ಬರು ಮುದುಕರು, ಒಬ್ಬರ ಹಿಂದೊಬ್ಬರು. ಮರುದಿನ ಹಿರಿಯರೂ ಏಳಲಿಲ್ಲ. ಯಜಮಾನರು ಒಬ್ಬರೇ ತಮ್ಮ ಕಲ್ಲಿನ ಮೇಲೆ ನಿಂತು, ಹೆಗಲನ್ನು ಹಿಂದಕ್ಕೆ ಚಾಚಿ ಕಾದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೋಡಿದೆ. ಅವರ ಗಿಣಿ ಏನೋ ಹೇಳಹೊರಟು ನಿಂತಿತು. ಅಷ್ಟು ದೂರಕ್ಕೆ ಏನೆಂದು ಕೇಳಿಸಲಿಲ್ಲ. ಆಮೇಲೆ ಬಯಲಿನಲ್ಲಿ ಸದ್ದೇ ಇಲ್ಲ.

ಹಿರಿಯರಿಗೆ ಎಚ್ಚರವಾದಾಗ ಅವರೇ ಬೀದಿಗೆ ಬಂದು, ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವಂತೆ ಮೊದಲ ಸ್ವಂತ ಮಾತು ಆಡಿದರು. "ಬೆನ್ನು ಕೆರೀತಾ ಇದೆ ಕಣ್ರೋ! ಯಾರಾದ್ರೂ ಕೆರೀರೋ!" ಊರೇ ಓಡಿತು. ಎಲ್ಲ ಕೈಗಳೂ ಅವರ ಬೆನ್ನ ಮೇಲಿದ್ದವು. ಹಿರಿಯರು ಕಣ್ಣು ಮುಚ್ಚಿ "ಮೇಲೆ, ಇನ್ನೂ ಮೇಲೆ, ಅಲ್ಲೇ, ಹಾ!" ಎನ್ನುತ್ತಿದ್ದರು.

ನಮ್ಮ ಜಗಲಿಯ ಮುಂದೆ ಅಂದಿನ ಸಾಲು ಇನ್ನೂ ಕರಗಿರಲಿಲ್ಲ. ಸಾಲಿನ ಕೊನೆಯಲ್ಲಿ ಒಂದು ಕೊಡೆ ಕಂಡಿತು.

ನಾನು ಯಾರನ್ನೂ ಮುಂದೆ ಕರೆಯಲಿಲ್ಲ. ಕ್ರಮ ಎಂದರೆ ಕ್ರಮ. ಒಬ್ಬೊಬ್ಬರಿಗೂ ಉತ್ತರ ಹೇಳಿದೆ, ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ಕೊಡೆ ಹತ್ತಿರ ಹತ್ತಿರ ಬಂತು. ಬೆನ್ನು ಕೆರೆದು ಮುಗಿಸಿದ ಜನವೂ ಬಂದು ಸುತ್ತ ನಿಂತರು, ಹಿರಿಯರೂ ಬಂದರು. ಕೊನೆಗೆ ಯಜಮಾನರು ನನ್ನ ಮುಂದೆ ನಿಂತರು. ಹೆಗಲು ಖಾಲಿಯಿತ್ತು. ಗಿಣಿಯನ್ನು ಕಲ್ಲಿನ ಮೇಲೇ ಬಿಟ್ಟು ಬಂದಿದ್ದರು. ತುಂಬ ಇಳಿದುಹೋಗಿದ್ದರು.

ಅವರ ಬಾಯಿ ತೆರೆಯಿತು. ನಾನು ಇಷ್ಟು ದಿನ ಕಾದದ್ದು ಇದಕ್ಕೇ. ಆದರೆ ಒಳಗಿನಿಂದ ಏನು ಬರುತ್ತದೋ ಎಂದು ನನಗೆ ಒಮ್ಮೆಲೇ ಹೆದರಿಕೆಯಾಯಿತು. ಹೋಗುತ್ತೇನೆ ಎಂದರೆ? ಹೋದದ್ದು ಗಿಣಿಯಲ್ಲ, ನಾನೇ ಎಂದರೆ? ಅವರ ಬಾಯಿಗಿಂತ ಮೊದಲು ನನ್ನ ಬಾಯಿ ಓಡಿತು.

"ನಿಮಗೆ ಹಸಿವಾಗಿದೆ," ಎಂದೆ. "ಸುಸ್ತಾಗಿದೆ. ಹಿರಿಯರ ಮನೆಯ ಊಟ ನಿಮಗೆ ಹಿಡಿಸಿಲ್ಲ. ನೀವು ಬೇಕೆಂದು ಹೋದದ್ದಲ್ಲ. ನಿಮಗೆ ಪಶ್ಚಾತ್ತಾಪವಾಗಿದೆ. ನೀವು ಮನೆಗೆ ಬಂದಿದ್ದೀರಿ, ಇಲ್ಲೇ ಇರುತ್ತೀರಿ. ನನ್ನನ್ನು ಕಂಡು ನಿಮಗೆ ಸಂತೋಷವಾಗಿದೆ. ಈಗ ಒಳಗೆ ಹೋಗಿ ಕಾಲು ತೊಳೆದು..."

"ಬಾಯಿ ಮುಚ್ಚೇ ಸ್ವಲ್ಪ."

ಇದು ಯಜಮಾನರ ಮಾತು.

"ನನಗೆ ಹಸಿವಾಗಿದ್ಯಾ ಅಂತ ನಾನು ನೋಡ್ತಾ ಇದೀನಿ. ಸುಮ್ನೆ ನೋಡೋದಕ್ಕೆ ಬಿಡ್ತೀಯಾ?"

ನಾನು ಬಾಯಿ ಮುಚ್ಚಿದೆ. ಹಿತ್ತಲಿನ ಬಾಗಿಲು ಬಹಳ ಕಾಲದ ಮೇಲೆ ತೆರೆದಾಗ ಬರುವಂಥ ದನಿ ಅದು, ಒರಟು, ಧೂಳು ಧೂಳು. ಮದುವೆಯಾದಾಗಿನಿಂದ ಆ ದನಿ ನನ್ನ ಪಕ್ಕದಲ್ಲೇ ಇತ್ತು ಎಂದು ನೆನೆದು ಕಂಬ ಹಿಡಿದುಕೊಂಡೆ.

ಯಜಮಾನರು ಜಗಲಿಯ ಅಂಚಿನಲ್ಲಿ ಕೂತು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು. ಯಾರದೋ ಮನೆಯ ಬಾಗಿಲಿಗೆ ಕಿವಿಗೊಡುವವರಂತೆ ತಲೆ ಬಾಗಿಸಿದರು. ನಾವೆಲ್ಲ ಕಾದೆವು. ಅವರು ಆತುರಪಡಲಿಲ್ಲ. ಬಹಳ ಹೊತ್ತಿನ ಮೇಲೆ ಅವರ ಮುಖದ ಒಂದು ಮೂಲೆಯಲ್ಲಿ ಏನೋ ಹೊತ್ತಿಕೊಂಡಿತು, ಅಲ್ಲಿಂದ ಇಡೀ ಮುಖಕ್ಕೆ ಹಬ್ಬಿತು.

"ಆಗಿದೆ!" ಎಂದರು. "ಹಸಿವಾಗಿದೆ! ಎಷ್ಟ್ ಹಸಿವಾಗಿದೆ ಅಂದ್ರೆ, ಅಯ್ಯೋ!"

ಊರು ಹೋ ಎಂದು ಕೂಗಿತು. ಹಿರಿಯರು ಮೇಷ್ಟರನ್ನು ಅಪ್ಪಿಕೊಂಡರು. ಪಕ್ಕದ ಮನೆಯಾಕೆ ಅಂಗಳ ದಾಟಿ ಓಡಿಬಂದು, ಹಪ್ಪಳದ ಪುಟ್ಟಿಯನ್ನೇ ಎಲ್ಲರ ತಲೆಯ ಮೇಲೆ ಸುರಿದಳು. ಯಜಮಾನರು ಎದ್ದು, ಯಾರನ್ನೂ ಕೇಳದೆ, ಕೊಡೆಯನ್ನು ಒಳಬಾಗಿಲಿನ ಮೊಳೆಗೆ ನೇತುಹಾಕಿ, ನೇರ ಅಡುಗೆಮನೆಗೆ ಹೋದರು. ಪಾತ್ರೆಗಳ ಮುಚ್ಚಳ ತೆಗೆಯುವ ಸದ್ದು ಒಂದಾದ ಮೇಲೊಂದು ಕೇಳಿಸಿತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಜಗಲಿಯೇ ಗಿರಗಿರ ತಿರುಗುತ್ತಿತ್ತು. ನಾನು ನಗುತ್ತಿದ್ದೇನೆ ಎಂದು ದರ್ಜಿ ಬೆರಳು ಮಾಡಿ ತೋರಿಸಿದ. ನಿಜ, ನಕ್ಕೆ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಾಲಿನಲ್ಲಿದ್ದವರನ್ನು ಮನೆಗೆ ಕಳಿಸಿದೆ. ನಾಳೆಯಿಂದ ಇಲ್ಲಿ ಯಾರಿಗೂ ಉತ್ತರವಿಲ್ಲ ಎಂದೆ. ನನ್ನ ಬಾಯಿಗೆ ಬೇರೆ ಕೆಲಸವಿದೆ.

ಆದರೆ ಒಂದು ವಿಷಯ ಉಳಿದಿದೆ. ಅವರು ಏನು ಬೇಕಾದರೂ ಹೇಳಬಹುದಿತ್ತು, ಹೇಳಲಿ ಎಂದೇ ನಾನು ಇಷ್ಟೆಲ್ಲ ಮಾಡಿದ್ದು. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆದರೂ ಈ ಜಗಲಿಯ ಮೇಲೆ, ಊರೆಲ್ಲ ನೋಡುತ್ತಿರುವಾಗ, ಈ ಮನೆಯ ಹೆಣ್ಣಿಗೆ ಬಾಯಿ ಮುಚ್ಚು ಎಂದವರು ಹಿಂದೆ ಯಾರೂ ಇಲ್ಲ. ಯಜಮಾನರು ಹೊಟ್ಟೆ ತುಂಬ ಉಣ್ಣಲಿ. ಕೈ ತೊಳೆದುಕೊಳ್ಳಲಿ. ನಾನು ಇಲ್ಲೇ ಕೂತಿರುತ್ತೇನೆ. ಆಮೇಲೆ ಅವರು ಹೊರಗೆ ಬಂದು, ಎಲ್ಲರೆದುರು, ಅದೇ ಬಾಯಿಂದ, ನನ್ನ ಕ್ಷಮೆ ಕೇಳಬೇಕು.